ಧರೆಪ್ಪನನ್ನು ಒಪ್ಪಿಸುವ ಕೆಲಸ

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಜಗಳಗಂಟ ಮಂದಿಯೇನಲ್ಲ ನಾವು. ಮನೆಗೆ ಒಂದೋ ಎರಡೋ ಮಗ್ಗ ಕರೆಂಟಿನ ಮೇಲೆ ಓಡುತ್ತವೆ. ಆ ಸದ್ದಿನ ಮೇಲೆ ಹತ್ತಿ ಕೂಗದಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಚಹಾ ಕುಡೀತಿಯೇನು ಎನ್ನುವುದನ್ನೂ ಬಣವೆಗೆ ಬೆಂಕಿ ಬಿದ್ದವರಂತೆ ಒದರುತ್ತೇವೆ. ಹೊಸ ಬೀಗರು ಬಂದರೆ ಗಾಬರಿಯಾಗುತ್ತಾರೆ.

ಇದರಲ್ಲಿ ಅಪಾಯ ಒಂದೇ. ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಮಗ್ಗ ಗಪ್ಪಾದ ಮೇಲೂ ಬಾಯಿ ಗಪ್ಪಾಗಲು ಒಂದು ಗಳಿಗೆ ಬೇಕು, ಆ ಗಳಿಗೆಯಲ್ಲಿ ಆಡಿದ್ದೆಲ್ಲ ಓಣಿಯ ಪಾಲು. ಶಂಕರೆಪ್ಪನ ಸೊಸೆ ತನ್ನ ಅತ್ತೆಗೆ ಯಾವ ಪ್ರಾಣಿಯ ಹೆಸರಿಟ್ಟಿದ್ದಾಳೆಂದು ನಮಗೆ ಗೊತ್ತಾದದ್ದು ಹಾಗೆಯೇ.

ನಾನು ಈ ಓಣಿಯಲ್ಲಿ ಕಂಡಿಕೆ ಸುತ್ತುವವಳು. ಲಾಳಿಯೊಳಗೆ ಕೂರುತ್ತದಲ್ಲ, ಆ ಸಣ್ಣ ನೂಲಿನ ಸುರುಳಿ. ಎದುರು ಮನೆಯ ಧರೆಪ್ಪನ ಮಗ್ಗಕ್ಕೆ ಹೋಗುವುದು ನನ್ನ ಕಂಡಿಕೆಯೇ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನದು ಬಲಿತು ಹೋಗಿತ್ತು. ಇನ್ನೂ ತಡ ಮಾಡಿದರೆ ಆ ಕಣ್ಣು ನಿಮ್ಮದಲ್ಲ ಎಂದು ಜಮಖಂಡಿಯ ಡಾಕ್ಟರರು ಹೇಳಿ ಕಳಿಸಿದ್ದರು. ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಗಾಡಿ ಬರುವುದಿತ್ತು, ಬುಧವಾರ ಸಂಜೆಯೊಳಗೆ ಹೆಸರು ಬರೆಸಬೇಕಿತ್ತು. ಧರೆಪ್ಪ ಒಲ್ಲೆ ಎನ್ನುತ್ತಿದ್ದ.

ಒಲ್ಲೆ ಎನ್ನುವುದಿರಲಿ, ಕಣ್ಣು ಕಾಣುವುದಿಲ್ಲ ಎಂಬುದನ್ನೇ ಒಪ್ಪುತ್ತಿರಲಿಲ್ಲ. ಸೀರೆಯಲ್ಲಿ ಎಳೆ ತಪ್ಪಿದರೆ ನೂಲು ಕೆಟ್ಟದ್ದು. ಬೆರಳು ಹೋಗಿ ಚಹಾದಲ್ಲಿ ಅದ್ದಿದರೆ ಕಪ್ಪು ಸಣ್ಣದು. ಒಂದು ದಿನ ನಾನು ಕಂಡಿಕೆಯ ಬುಟ್ಟಿ ಹೊತ್ತು ಒಳಗೆ ಹೋದರೆ, "ಬಾರೋ ಲಗಮಪ್ಪಾ" ಎಂದ. ಪಕ್ಕದ ಮನೆಯ ಲಗಮಪ್ಪನಿಗೆ ಗೇಣುದ್ದ ಮೀಸೆ ಇದೆ.

"ಯಾಕೋ ಧರೆಪ್ಪಾ, ನನಗ ಮೀಸಿ ಯಾವಾಗ ಬಂತೋ?" ಎಂದೆ.

"ದನಿ ತಗದು ಬರಬೇಕಿಲ್ಲೋ ಯಕ್ಕಾ," ಎಂದು ನನಗೇ ಬೈದ.

ಅವನ ಮಗ ಅಜಯ ಜಮಖಂಡಿಯ ಒಂದು ವಿಮಾ ಕಚೇರಿಯಲ್ಲಿ ನೌಕರಿಗಿದ್ದಾನೆ. ಎದುರಿನವರನ್ನು ಒಪ್ಪಿಸುವುದು ಹೇಗೆ ಎಂದು ಕಚೇರಿಯವರು ಮೂರು ದಿನ ಕೂರಿಸಿ ಕಲಿಸಿದ್ದರಂತೆ. ಮೊದಲು ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅಜಯ ನೋಡಿದ. ಆ ಕಡೆಯಿಂದ ನೋಡುವುದಕ್ಕೆ ಕಣ್ಣಿದ್ದರೆ ತಾನೆ? ಆಮೇಲೆ ಮೂರು ಸಲ ಹೌದು ಅನ್ನಿಸಬೇಕು, ನಾಲ್ಕನೆಯ ಹೌದು ತಾನಾಗಿಯೇ ಬರುತ್ತದೆ.

"ಅಪ್ಪಾ, ನಿಮ್ಮ ಹೆಸರು ಧರೆಪ್ಪ, ಹೌದಿಲ್ರಿ?"

"ಹೌದು."

"ನಮ್ಮೂರು ಬನಹಟ್ಟಿ, ಹೌದಿಲ್ರಿ?"

"ಹೌದು."

"ಇವತ್ತ ಮಂಗಳವಾರ, ಹೌದಿಲ್ರಿ?"

"ಹೌದು. ಸೋಮವ್ವಾ! ಬಾ ಇಲ್ಲಿ! ನಿನ್ನ ಮಗ ತಲಿಗೆ ಪೆಟ್ಟು ಮಾಡ್ಕೊಂಡು ಬಂದಾನ. ಮೊದಲ ಇವನ ಹೆಸರು ಬರಸ್ರಿ ಆ ಗಾಡಿಗೆ!"

ಸೋಮವ್ವ ಅವನ ಹೆಂಡತಿ. ಹಿಂದಿನ ವಾರವೇ ಅವಳು ಬೇರೆ ಉಪಾಯ ಮಾಡಿ ನೋಡಿದ್ದಳು: ಅತ್ತಳು, ಆಮೇಲೆ ಮಾತು ಬಿಟ್ಟಳು. ಮೂರು ದಿನ ಗಂಡನ ಜತೆ ಒಂದು ಮಾತಿಲ್ಲ. ಮೂರನೆಯ ದಿನ ಧರೆಪ್ಪ ನನ್ನ ಹತ್ತಿರ ಬಂದು, "ಯಕ್ಕಾ, ಮದಿವ್ಯಾಗಿ ನಲವತ್ತು ವರ್ಷದಾಗ ಇಷ್ಟ ಆರಾಮ ಎಂದೂ ಇರಲಿಲ್ಲ ನೋಡು" ಎಂದ. ಅವಳು ಅದನ್ನು ಕೇಳಿಸಿಕೊಂಡು ಅಂದೇ ಮಾತು ಶುರು ಮಾಡಿದಳು.

ಬುಧವಾರ ಬಂತು. ಅಜಯ ರಜೆ ಹಾಕಿ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತಿದ್ದ. ಒಳಗೆ ಧರೆಪ್ಪನ ಮಗ್ಗ ಓಡುತ್ತಿತ್ತು. ನಾನು ಸೋಮವ್ವನನ್ನು ಬಾಗಿಲ ಸಂದಿಗೆ ಕರೆದು, ಅವಳ ಕಿವಿಗೆ ಬಾಯಿ ಹಚ್ಚಿ ನನ್ನ ಉಪಾಯ ಹೇಳತೊಡಗಿದೆ. ಗುಟ್ಟಿನ ಮಾತೇ. ಆದರೆ ಮಗ್ಗದ ಸದ್ದಿಗೆ ತಕ್ಕ ಗುಟ್ಟು.

"ನಿನ್ನ ಗಂಡ ಹುಂಬ ಅದಾನ! ಮಾಡು ಅಂದದ್ದು ಮಾಡೂದಿಲ್ಲ, ಬ್ಯಾಡ ಅಂದ್ರ ಓಡಿ ಹೋಗಿ ಮಾಡತಾನ! ಈಗ ನಾ ಒಳಗ ಹೋಗಿ ಆಪರೇಷನ್ ಬ್ಯಾಡ ಅಂತೀನಿ, ನೀ ಹೂಂ ಹೂಂ ಅನಕೋತ ನಿಲ್ಲು, ಆ ಮಂಗ್ಯಾಗ ತಿಳಿಯೂದಿಲ್ಲ!"

"ನಿನ್ನ ಗಂಡ" ಎನ್ನುವವರೆಗೆ ಮಗ್ಗ ಓಡುತ್ತಿತ್ತು. ಆಮೇಲಿನದೆಲ್ಲ ಓಣಿ ಕೇಳಿತು.

ಕರೆಂಟು ಹೋಗಿತ್ತು. ಎಂಥ ಮೌನವೆಂದರೆ, ಮೂರು ಮನೆಯಾಚೆ ಯಾರೋ ಒಗ್ಗರಣೆ ಹಾಕಿದ್ದೂ ಕೇಳಿಸಿತು. ಮೊದಲು ನಕ್ಕವನು ಲಗಮಪ್ಪ. ಮೀಸೆ ತಿರುವುತ್ತ ತನ್ನ ಬಾಗಿಲಿಗೆ ಬಂದು, "ಧರೆಪ್ಪಣ್ಣಾ! ಆಪರೇಷನ್ ಮಾಡಿಸ್ಕೋಬ್ಯಾಡ್ರಿ!" ಎಂದು ಕೂಗಿದ. ಇನ್ನೊಂದು ಮನೆಯಿಂದ, "ಖರೆ ಐತಿ, ಕಣ್ಣು ತಗೊಂಡು ಏನ್ ಮಾಡ್ತೀರಿ, ಬ್ಯಾಡ ಬಿಡ್ರಿ!" ಎಂದು ಬಂತು. ಹೆಂಗಸರು ಸೆರಗು ಬಾಯಿಗಿಟ್ಟು ನಿಂತರು.

ಧರೆಪ್ಪ ಮಗ್ಗದ ಹಿಂದಿನಿಂದ ಎದ್ದು ಬಂದ. ನನ್ನ ಮುಖವಿದ್ದ ಕಡೆ ಅಂದಾಜಿನ ಮೇಲೆ ನೋಡಿದ.

"ಛಲೋ ಮಾಡಿದಿ ಯಕ್ಕಾ. ಈಗ ಹೋದ್ರ ನಾ ಹುಂಬ. ಹೋಗದಿದ್ರ ಓಣ್ಯಾನ ಮಂದಿ ಹೇಳಿದಂಗ ಕೇಳೋ ಮಂಗ್ಯಾ. ಎತ್ತ ಹೋಗಲಿ ಹೇಳು?"

 ನನಗೆ ನಾಚಿಕೆಯಾಗಿತ್ತು. ಒಳಗೆ ಹೋಗಿ ಅವನ ಮಗ್ಗದ ಪಕ್ಕದ ಹಲಗೆಯ ಮೇಲೆ ಕೂತೆ. ಅವನೂ ಬಂದು ಕೂತ. ಕರೆಂಟಿಲ್ಲದ ಮನೆಯಲ್ಲಿ ನೇಕಾರನಿಗೆ ಕೆಲಸವಿಲ್ಲ, ಎದ್ದು ಹೋಗಲು ನೆವವೂ ಇಲ್ಲ. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು, ಕೆಂಪು ದಡಿಯದು. ಅವನ ಕೈ ಅದನ್ನು ಸವರುತ್ತಿತ್ತು.  

"ಧರೆಪ್ಪಾ, ಬೈಯೂದು ಬೈದಿ, ಆತು. ಒಂದ ಮಾತು ಕೇಳತೀನಿ. ಅಂಜಿಕಿ ಯಾತರದು?"

ಕೇಳಿದ ಮೇಲೆ ಹೊಳೆಯಿತು, ಇಷ್ಟು ದಿನ ಇದನ್ನು ನಾವ್ಯಾರೂ ಕೇಳಿರಲಿಲ್ಲ. ಅವನ ಕಣ್ಣಿನ ಬಗ್ಗೆ ನಾವೇ ಮಾತಾಡಿದ್ದೆವು, ನಾವೇ ಅತ್ತಿದ್ದೆವು.

ಅವನು ಬಾಗಿಲ ಕಡೆ ಕಿವಿ ಕೊಟ್ಟು, ಆಮೇಲೆ ದನಿ ತಗ್ಗಿಸಿ ಹೇಳಿದ. ಧರೆಪ್ಪ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆಪರೇಷನ್ ಆದಮ್ಯಾಲ ಒಂದು ತಿಂಗಳು ಮಗ್ಗಕ್ಕ ಕೂಡಬ್ಯಾಡ ಅಂದಾರ. ಓಣಿ ತುದಿ ಮನಿ ವೀರೇಶನ ಅಪ್ಪ ಪಂಢರಪುರಕ್ಕ ನಡಕೋತ ಹೋಗಿದ್ದನಲಾ? ತಿರುಗಿ ಬರೂದ್ರಾಗ ಮಗ ಎರಡೂ ಮಗ್ಗ ಗುಜರಿಗೆ ಹಾಕಿದ್ದ. ಆ ಜಾಗಾದಾಗ ಈಗ ಮೊಬೈಲ್ ಅಂಗಡಿ ಐತಿ. ನಮ್ಮ ಅಜಯ ಹೋದ ತಿಂಗಳು ಟೇಪ್ ಹಿಡಕೊಂಡು ಬಂದು ಈ ಪಡಸಾಲಿ ಅಳದಾನ. ನಾ ನೋಡಲಿಲ್ಲ ಅಂತ ಮಾಡ್ಯಾನ ಅಂವ. ಟೇಪಿನ ಸಪ್ಪಳ ನನಗ ಕೇಳಸೂದಿಲ್ಲೇನು?"

"ಮಗನ್ನ ಕೇಳಿದೇನು?"

"ಕೇಳಿದ್ರ ಮಾರತೀನಿ ಅಂದಬಿಟ್ರ ಏನ್ ಮಾಡ್ಲಿ?"

ಇದಕ್ಕೆ ಯಾವ ಉಪಾಯವೂ ಬೇಕಿರಲಿಲ್ಲ. ನಾನು ಎದ್ದು ಹೊಸ್ತಿಲಿಗೆ ಬಂದೆ. ಕರೆಂಟು ಇನ್ನೂ ಬಂದಿರಲಿಲ್ಲ. ಎರಡು ಮಾರು ದೂರದಲ್ಲಿ ಅಜಯ ಕೂತಿದ್ದ, ಪಿಸುಗುಟ್ಟಿದರೂ ಕೇಳುತ್ತಿತ್ತು. ಆದರೂ ಹತ್ತು ಮಗ್ಗ ಓಡುತ್ತಿದ್ದಾಗ ತೆಗೆಯುವ ದನಿ ತೆಗೆದೆ.

"ಏ ಅಜಯಾ! ನಿಮ್ಮಪ್ಪ ಆಸ್ಪತ್ರಿಗೆ ಹೋದಾಗ ಅವನ ಮಗ್ಗ ಮಾರತೀಯೇನೋ?"

ನಗುತ್ತಿದ್ದ ಓಣಿ ಕಿವಿ ನಿಮಿರಿಸಿತು. ಅಜಯನ ಕಿವಿ ಕೆಂಪಾದವು.

"ಏನ್ ದೊಡ್ಡವ್ವಾ ಇದು, ಇಷ್ಟ ಜೋರು... ಇಲ್ಲ..."

"ಕೇಳಸಲಿಲ್ಲ!" ಎಂದೆ.

"ನನಗೂ ಕೇಳಸಲಿಲ್ಲಪಾ!" ಎಂದ ಲಗಮಪ್ಪ. ಅವನನ್ನು ಯಾರೂ ಕೇಳಿರಲಿಲ್ಲ.

"ಮಾರೂದಿಲ್ಲ!"

"ಟೇಪ್ ಹಿಡದು ಯಾಕ ಅಳದಿ ಮತ್ತ?"

ಅಜಯ ತಂದೆಯ ಕಡೆ ನೋಡಿದ, ಓಣಿಯ ಕಡೆ ನೋಡಿದ. ಆ ಮೂರು ದಿನದ ಪಾಠದಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. "ಮುಂದ ಎಂದಾರ ಕಾರ್ ತಗೊಂಡ್ರ ಇಲ್ಲಿ ಹಿಡೀತೈತೇನಂತ ನೋಡಿದೆ. ತಪ್ಪಾತು. ಅಪ್ಪಾ, ನೀ ಬ್ಯಾಡ ಅನ್ನೂತನಾ ನಿನ್ನ ಮಗ್ಗ ಅಲ್ಲೇ ಇರತೈತಿ. ಎಲ್ಲಾರೂ ಕೇಳಿದ್ರಿಲ್ಲೋ?"

"ಕೇಳಿದ್ವಿ!" ಎಂದಿತು ಓಣಿ.

ಧರೆಪ್ಪ ಇನ್ನೂ ಏಳಲಿಲ್ಲ. "ಈ ಸೀರಿ ಅರ್ಧಾ ಆಗೈತಿ. ಹಂಗ ಬಿಟ್ಟು ಹೋಗಾಕ ಬರೂದಿಲ್ಲ."

"ನಾ ಮುಗಸತೀನಿ," ಎಂದಳು ಸೋಮವ್ವ.

"ನಿನಗೇನ್ ಬರತೈತಿ?"

"ಎರಡು ತಿಂಗಳಾತು, ನೀವು ಊಟಕ್ಕ ಎದ್ದ ಮ್ಯಾಲ ಹರಿದ ಎಳಿ ಯಾರು ಕಟ್ಟಾಕತ್ತಾರ ಅಂತ ಮಾಡೀರಿ? ಗಾಳಿ ಕಟ್ಟತೈತೇನು?"

ಧರೆಪ್ಪನ ಕೈ ಸೀರೆಯ ಮೇಲೆ ನಿಂತಿತು. ಬೆರಳಿನಿಂದ ಹುಡುಕಿದ, ಗಂಟು ಸಿಗಲಿಲ್ಲ, ಅಷ್ಟು ನಯವಾಗಿ ಕಟ್ಟಿದ್ದಳು. "ಗಾಡಿ ಎಷ್ಟಕ್ಕ ಬರತೈತಿ?" ಎಂದ.

ಗುರುವಾರ ಧರೆಪ್ಪ, ಸೋಮವ್ವ, ನಾನು ಮೂವರೂ ಜಮಖಂಡಿಗೆ ಹೋದೆವು. ಧರೆಪ್ಪನ ಕಣ್ಣಿಗೆ ಔಷಧದ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದ್ದರು. ಅಷ್ಟರಲ್ಲಿ ಹಿಪ್ಪರಗಿಯ ರೈತನೊಬ್ಬ, ಅವನಿಗೂ ಹನಿ ಹಾಕಿಯಾಗಿತ್ತು, ಗೋಡೆ ಹಿಡಿದುಕೊಂಡು ಮೆಲ್ಲಗೆ ಬಾಗಿಲ ಕಡೆ ಹೊರಟ. ಮಗಳು ಹಿಂದಿನಿಂದ ಅಂಗಿ ಜಗ್ಗುತ್ತಿದ್ದಳು. "ಬಿಡು, ನನ್ನ ಕಣ್ಣು ಛಲೋ ಅದಾವ," ಎನ್ನುತ್ತಿದ್ದ.

ಧರೆಪ್ಪ ಸ್ವಲ್ಪ ಸರಿದು ಜಾಗ ಮಾಡಿದ. "ಹೋಗೂದ್ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಮನ್ಯಾಗ ಏನ್ ಬಿಟ್ಟು ಬಂದೀರಿ?"

ಆ ಮನುಷ್ಯ ನಿಂತ. "ಟ್ರ್ಯಾಕ್ಟರ್ ರೀ. ಕೀಲಿ ಅಳಿಯನ ಕೈಯಾಗ ಐತಿ."

"ಅಯ್ಯಯ್ಯ," ಎಂದ ಧರೆಪ್ಪ. "ಕೂಡ್ರಿ ಹಂಗಾರ."

ಅರ್ಧ ಗಂಟೆ ಅಳಿಯನ ಗಾಡಿ ಹೊಡೆಯುವ ರೀತಿ, ಕಬ್ಬಿನ ಹೊಲದ ಬದುವಿಗೆ ಅವನು ಮಾಡಿದ ಅನ್ಯಾಯ, ಎಲ್ಲ ಆಯಿತು. ಕೊನೆಗೆ ಮಗಳು ಗಂಡನಿಗೆ ಫೋನು ಹಚ್ಚಿ, ಕೀಲಿ ತನ್ನ ಅವ್ವನ ಕೈಗೆ ಕೊಡಿಸಿದಳು. ರೈತ ಉಸ್ಸೆಂದು ಬೆಂಚಿಗೆ ಒರಗಿದ. ಇನ್ನು ಅವನು ಏಳುವವನಲ್ಲ ಎಂದು ನನಗೆ ಗೊತ್ತಾಯಿತು.

ಆಗ ನರ್ಸಮ್ಮ ಬಾಗಿಲಿಗೆ ಬಂದು, "ಧರೆಪ್ಪ ಯಾರ್ರೀ?" ಎಂದಳು.

ಧರೆಪ್ಪ ರೈತನ ತೋಳು ತಟ್ಟಿ, "ಮೊದಲ ನೀವ ಹೋಗ್ರಿ," ಎಂದ. "ದೂರದಿಂದ ಬಂದೀರಿ. ನನಗೇನ್ ಅವಸರ ಇಲ್ಲ."

"ಛೇ ಛೇ, ಹೆಸರು ಕರದದ್ದು ನಿಮ್ಮದು. ನೀವ ನಡೀರಿ."

"ನೀವು ಹಿರ್‍ಯಾರು."

"ನಿಮ್ಮಕಿಂತ ಸಣ್ಣಾಂವ ರೀ ನಾ, ಖರೇನ!"

ಸೋಮವ್ವ ಎದ್ದು ಗಂಡನ ಒಂದು ತೋಳು ಹಿಡಿದಳು, ಆ ಮಗಳು ತನ್ನ ಅಪ್ಪನ ತೋಳು ಹಿಡಿದಳು.

"ತಂಗೀ," ಎಂದಳು ಸೋಮವ್ವ ನರ್ಸಮ್ಮನಿಗೆ, "ಇಬ್ಬರನ್ನೂ ಒಳಗ ಕರಕೊಂಡು ಬಾಗಲಾ ಹಾಕ್ಕೋರಿ. ಯಾರು ಮೊದಲ ಅನ್ನೂದು ಅಲ್ಲೇ ಬಗಿಹರಿಸಿಕೊಳ್ಳಲಿ."