ಮುಟ್ಟದೆ ಇಟ್ಟ ಗೇರ್

ಕಾಲೇಜಿನ ಪ್ರಯೋಗಶಾಲೆಯ ಸ್ಟೋರ್‌ಕೀಪರನ್ನು ಎಲ್ಲರೂ ಬೀಗದಣ್ಣ ಎಂದೇ ಕರೆಯುತ್ತಿದ್ದರು. ಹಳೆಯ ಬೀಕರು ಒಡೆದು, ಅದರ ಚೂರನ್ನು ಅವನು ಕಣ್ಣಾರೆ ನೋಡುವ ತನಕ ಹೊಸದು ಕಪಾಟಿನಿಂದ ಇಳಿಯುತ್ತಿರಲಿಲ್ಲ. ಪ್ರೊಫೆಸರೇ ಬಂದು ಕೈಮುಗಿದರೂ ಅಷ್ಟೇ. "ಇರ್ಲಿ ಸಾರ್, ಒಳ್ಳೆ ಸಮಯಕ್ಕೆ ಬೇಕಾಗುತ್ತೆ" ಎಂದು ಬೀಗ ಜಡಿಯುತ್ತಿದ್ದ.

ಇಂಥ ಮಹಾನುಭಾವ ಐವತ್ತರ ಹೊಸ್ತಿಲಲ್ಲಿ ಗುಡ್ಡ ಹತ್ತುವ ಗೇರ್ ಸೈಕಲ್ ಕೊಂಡ. ಹಿಂದಿನ ಗಾಲಿಗೆ ಒಂದಕ್ಕಿಂತ ಒಂದು ದೊಡ್ಡದಾದ ಹಲ್ಲುಚಕ್ರಗಳ ಸಾಲು. ಕೊನೆಯದಂತೂ ಊಟದ ತಟ್ಟೆಯಷ್ಟಿತ್ತು. ಚೈನು ಅದರ ಮೇಲೆ ಬಂದರೆ ಪೆಡಲು ಹಗುರ, ಎಂಥ ಏರನ್ನೂ ಹತ್ತಬಹುದು. ಆದರೆ ಅದರ ಹೊಳಪು ಕಂಡು ಬೀಗದಣ್ಣನಿಗೆ ಅದನ್ನು ಬಳಸಲು ಮನಸ್ಸೇ ಬರಲಿಲ್ಲ. ಇಷ್ಟು ಚೆಂದದ್ದನ್ನು ಯಾರಾದರೂ ದಿನಾ ಸವೆಸುತ್ತಾರೆಯೇ? ನಿಜವಾದ ಏರು ಬಂದಾಗ ಇರಲಿ ಎಂದು ಅದನ್ನು ಮುಟ್ಟದೆ, ಕಬ್ಬಿಣದ ಬೀರು ತಳ್ಳುವವನ ಹಾಗೆ ಸಣ್ಣ ಚಕ್ರಗಳಲ್ಲೇ ತುಳಿದ.

ಮಂಡಿ ಅಳತೊಡಗಿತು. ವರ್ಷ ತುಂಬುವುದರೊಳಗೆ ಎರಡು ಚೈನು ಹಿಗ್ಗಿದವು. ಎರಡನೆಯದು ಸಣ್ಣ ಚಕ್ರಗಳ ಹಲ್ಲುಗಳನ್ನೂ ತಿಂದುಹಾಕಿತ್ತು.

"ಭಾರದ ಗೇರಲ್ಲಿ ಹೀಗೆ ಜಗ್ಗಿದ್ರೆ ಚೈನು ಇನ್ನೇನಾಗುತ್ತೆ ಸಾರ್?" ಎಂದ ಸೈಕಲ್ ಮೆಕ್ಯಾನಿಕ್. "ಕಾಲು ಹಗುರಾಗಿ, ಬೇಗ ಬೇಗ ತಿರುಗ್ತಾ ಇರ್ಬೇಕು. ಈ ದೊಡ್ಡ ಚಕ್ರ ನೋಡಿ, ಹೊಸದಾಗೇ ಇದೆ."

ಬೀಗದಣ್ಣ ಅದನ್ನು ಹೊಗಳಿಕೆ ಎಂದುಕೊಂಡು ಉಬ್ಬಿದ. ಚಕ್ರಗಳೆಲ್ಲ ಸೆಟ್ಟಾಗಿಯೇ ಬರುತ್ತವೆ, ಸವೆದವನ್ನಷ್ಟೇ ಬದಲಿಸಲು ಬರುವುದಿಲ್ಲ ಎಂದು ಗೊತ್ತಾದಾಗ ಉಬ್ಬಿದ್ದೆಲ್ಲ ಇಳಿಯಿತು. ಸವೆಸಿದ್ದರ ಜೊತೆಗೆ ಉಳಿಸಿದ್ದೂ ಹೋಯಿತು, ಅರ್ಧ ತಿಂಗಳ ಸಂಬಳವೂ ಹೋಯಿತು. ಇಷ್ಟಾದರೂ ಬುದ್ಧಿ ಬಂತೇ? ಹೊಸ ಸೆಟ್ಟಿನ ದೊಡ್ಡ ಚಕ್ರ ಇನ್ನೂ ಚೆಂದ ಹೊಳೆಯುತ್ತಿತ್ತು!

ಟೈಲರ್ ಅಂಗಡಿ ನಡೆಸುವ ಹೆಂಡತಿ ಬಿಲ್ಲು ನೋಡಿ ಕತ್ತರಿ ಕೆಳಗಿಟ್ಟಳು.

"ಗುಡ್ಡ ಹತ್ತೋಕೆ ಅಂತ ತಂದ್ರಿ. ಒಂದು ಸಲವಾದ್ರೂ ನಮ್ಮೂರ ಗುಡ್ಡದ ತುದಿ ಮುಟ್ಟಿದೀರಾ? ತಿರುವಿನ ತನಕ ತುಳಿಯೋದು, ಆಮೇಲೆ ಇಳಿದು ವಾಪಸ್ ತಿರುಗ್ಸೋದು. ಈ ಭಾನುವಾರ ಇಳೀದೆ ಹತ್ತಿ ತೋರ್ಸಿ. ಇಲ್ಲಾಂದ್ರೆ ಆ ಮೆಕ್ಯಾನಿಕ್‌ಗೇ ಮಾರಿಬಿಡೋಣ."

ಅವಳು ಆಡಿದ ಮಾತು ತಪ್ಪುವವಳಲ್ಲ. ಕಪಾಟುಗಳ ಸಂದಿಯಲ್ಲೇ ಅರ್ಧ ಆಯುಸ್ಸು ಕಳೆದವನಿಗೆ ಮುಖಕ್ಕೆ ಗಾಳಿ ಬಡಿಯುವ ಸುಖ ತೋರಿಸಿದ್ದು ಆ ಸೈಕಲ್. ಅದು ಹೋದರೆ ತಾನೂ ವಾಪಸ್ ಕಪಾಟಿಗೇ ಎಂದು ಬೀಗದಣ್ಣನಿಗೆ ಭಯವಾಯಿತು.

ಭಾನುವಾರ ಬೆಳಿಗ್ಗೆ ಅವನು ಮುಂದೆ, ಸ್ಕೂಟರಿನಲ್ಲಿ ಅವಳು ಹಿಂದೆ. ತಿರುವು ಬಂತು. ತೊಡೆ ನಡುಗಿತು, ಪ್ರಾಣ ಬಾಯಿಗೆ ಬಂತು, ಸೈಕಲ್ ನಿಂತೇಬಿಡುವಷ್ಟು ನಿಧಾನವಾಯಿತು. ಬೆರಳು ಗೇರಿನ ಗುಂಡಿಯ ಮೇಲಿತ್ತು. ಆದರೂ ಸ್ಟೋರಿನ ಬುದ್ಧಿ ಬಿಡಬೇಕಲ್ಲ! ಇದಕ್ಕಿಂತ ಕಷ್ಟದ ಏರು ಮುಂದೆ ಬಂದರೆ ಏನು ಗತಿ ಎಂದು ತಲೆ ಎತ್ತಿ ನೋಡಿದ. ತಿರುವಿನಾಚೆ ಒಂದು ನೀರಿನ ಟ್ಯಾಂಕು, ಅದರ ಹಿಂದೆ ಆಕಾಶ. ಅಷ್ಟೇ. ಉಳಿಸಿಟ್ಟುಕೊಳ್ಳುವುದಕ್ಕೆ ಮುಂದೆ ಗುಡ್ಡವೇ ಇರಲಿಲ್ಲ.

ಗುಂಡಿ ಒತ್ತಿದ. ಚೈನು ಕಟಕಟ ಎಂದು ದೊಡ್ಡ ಚಕ್ರ ಹತ್ತಿ ಕೂತಿತು. ಕಾಲುಗಳು ಯಾರದೋ ಎಂಬಂತೆ ಸರಸರ ತಿರುಗತೊಡಗಿದವು. ಅವನಿಗೆ ನಗು ಬಂತು. ನಗುತ್ತಲೇ ಟ್ಯಾಂಕಿನ ಬುಡ ಮುಟ್ಟಿದ.

"ಆ ತಿರುವಲ್ಲಿ ಏನು ಮಾಡಿದ್ರಿ?" ಎಂದು ಹೆಂಡತಿ ಸ್ಕೂಟರ್ ನಿಲ್ಲಿಸಿದಳು.

"ಆ ದೊಡ್ಡ ಚಕ್ರಕ್ಕೆ ಹಾಕ್ದೆ."

"ಅದು ಮೊದಲಿಂದ್ಲೂ ಇತ್ತಾ?"

"ಇತ್ತು. ಒಳ್ಳೆ ಸಮಯಕ್ಕೆ ಅಂತ ಇಟ್ಟಿದ್ದೆ."

ಅವಳು ನಗಲಿಲ್ಲ. "ಆ ಒಳ್ಳೆ ಸಮಯ ಯಾವಾಗ ಬರುತ್ತೆ ಅಂದ್ಕೊಂಡಿದ್ರಿ?" ಎಂದಳು.

ಅವಳು ಸ್ಕೂಟರಿನ ಕೀಲಿಯನ್ನು ಅವನ ಕೈಗಿಟ್ಟು ಸೈಕಲ್ ಏರಿದಳು. "ಸ್ಕೂಲಿಗೆ ಹೋಗೋವಾಗ ಸೈಕಲ್ ಹೊಡೀತಿದ್ದೆ. ಇಳಿಯೋ ಪಾಳಿ ನಂದು." ಅವನು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ಇಳಿಜಾರು ಹಿಡಿದಿತ್ತು. ಬ್ರೇಕು ಕಿರ್ರೋ ಎಂದು ಕಿರುಚಿತು.

ಬೀಗದಣ್ಣ ಹಿಂದೆ ಓಡುತ್ತ ಕೂಗಿದ: "ಬ್ರೇಕ್ ಗಟ್ಟಿಯಾಗಿ ಹಿಡ್ಕೊಳ್ಳೇ! ಸವೆದ್ರೆ ಸವೀಲಿ, ಹೊಸದು ಹಾಕ್ಸೋಣ!"