ಭಾಷೆ ನಿಮ್ದು, ಫೋನೂ ನಿಮ್ದೇ

ಡೇರಿಗಳ ಕೋಲ್ಡ್ ರೂಮ್ ಕಾಯುವ ಸಾಫ್ಟ್‌ವೇರ್ ನಮ್ಮದು. ಒಂದೊಂದು ಕೋಣೆಯ ಗೋಡೆಗೂ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್. ಅದು ಕೈಕೊಟ್ಟರೆ ಆಫೀಸಿನ ಹಳೇ ಫೋನ್ ಹೊಡೆದುಕೊಳ್ಳುತ್ತದೆ. ಪ್ರೋಗ್ರಾಂ ಬರೆದವರೇ ಆ ಫೋನ್ ಇಟ್ಟುಕೊಳ್ಳಬೇಕೆಂಬುದು ನಮ್ಮಲ್ಲಿನ ಕಟ್ಟಳೆ. ಅಂದರೆ ನಾನು.

ಹೊಸ ಪ್ರೋಗ್ರಾಂ ಬರೆಯಲು ಪೈಥಾನ್ ಭಾಷೆ ಆರಿಸಿದೆ. ಕಂಪನಿಯ ಯಜಮಾನರು, ಅಂದರೆ ನನ್ನ ಅಕ್ಕನ ಗಂಡ, ಮೂಗು ಮುರಿದರು.

“ಅದು ಮಕ್ಕಳಾಟದ ಭಾಷೆ. ರಸ್ಟ್‌ನಲ್ಲಿ ಬರಿ. ಈಗ ಎಲ್ರೂ ಅದ್ರಲ್ಲೇ ಬರೀತಿರೋದು.”

“ಭಾವ, ನಿಮಗೆ ರಸ್ಟ್ ಬರುತ್ತಾ?”

“ನಂಗ್ಯಾಕೆ ಬರ್ಬೇಕು? ಬರೆಯೋಳು ನೀನು.”

“ನಂಗೂ ಬರಲ್ಲ. ಕಲೀತೀನಿ, ಆದ್ರೆ ಡೇರಿಯವರ ಹಾಲು ಒಡೆಸಿ ಕಲಿಯಲ್ಲ. ಪೈಥಾನ್ ಆದ್ರೆ ಎಲ್ಲಿ ಕೆಟ್ಟಿದೆ ಅಂತ ಕೂಡ್ಲೇ ಗೊತ್ತಾಗುತ್ತೆ ನಂಗೆ.”

“ಹೇಳಿದಷ್ಟು ಮಾಡು.”

ಪಿತ್ತ ನೆತ್ತಿಗೇರಿತು. ಫೋನನ್ನು ಅವರ ಮೇಜಿನ ಮೇಲೆ ಕುಕ್ಕಿದೆ.

“ಸರಿ. ಭಾಷೆ ನಿಮ್ದು, ಫೋನೂ ನಿಮ್ದೇ.”

ಊಟದ ಹೊತ್ತಿಗೆ ಅದು ಹೊಡೆದುಕೊಂಡಿತು. ಭಾವ ಹಾವು ಕಂಡವರಂತೆ ಹಿಂದೆ ಸರಿದರು. ಒಂದು ಬೆರಳಿನಿಂದ ಅದನ್ನು ನನ್ನತ್ತ ತಳ್ಳಿದರು. ನಾನು ಕೈಕಟ್ಟಿ ನಿಂತೆ.

“ಎತ್ತಮ್ಮ ತಾಯಿ, ಹಾಲು ಕೆಡುತ್ತೆ!”

“ಯಾವ ಭಾಷೆ, ಭಾವ?”

“ನಿಂಗೆ ಬೇಕಾದ್ರಲ್ಲಿ ಬರ್ಕೋ!”

“ಹಲೋ,” ಎಂದೆ ಫೋನಿಗೆ.