ದರ್ಜಿಯ ವಾಕಿಂಗ್ ಅಂಗಿ

ದರ್ಜಿಯ ಹೊಟ್ಟೆ ಹೊಲಿಗೆ ಯಂತ್ರಕ್ಕೆ ತಗಲಲು ಶುರುವಾದದ್ದು ಯಾವಾಗ ಎಂದು ಅವನಿಗೇ ತಿಳಿಯದು. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಅವನು ಸ್ಟೂಲನ್ನು ಹಿಂದೆ ಸರಿಸುತ್ತಾ ಹೋದ. ತನ್ನ ಪ್ಯಾಂಟಿನ ಸೊಂಟವನ್ನು ತಾನೇ ಬಿಚ್ಚಿ ತಾನೇ ಅಗಲ ಮಾಡಿಕೊಳ್ಳುವವನಿಗೆ ತಾನು ದಪ್ಪಗಾದದ್ದು ಗೊತ್ತಾಗುವುದಾದರೂ ಹೇಗೆ? ಸ್ಟೂಲು ಗೋಡೆಗೆ ಬಡಿದಾಗ ಗೊತ್ತಾಯಿತು.

ಅದೇ ವಾರ ಮಗಳು ಶಾಲೆಯಿಂದ ಸುದ್ದಿ ತಂದಳು. ವರ್ಷದ ಕೊನೆಗೆ ಮಕ್ಕಳೆಲ್ಲ ಮನೆಯ ದೊಡ್ಡವರೊಬ್ಬರನ್ನು ಕರೆದುಕೊಂಡು ಊರಾಚೆಯ ಗುಡ್ಡ ಹತ್ತಬೇಕಂತೆ.

"ನಾನು ಮಾವನ ಜೊತೆ ಹೋಗ್ತೀನಿ," ಎಂದಳು.

ದರ್ಜಿಯ ಕತ್ತರಿ ಅರ್ಧಕ್ಕೇ ನಿಂತಿತು. "ಯಾಕೆ, ಅಪ್ಪ ಸತ್ತಿದಾನಾ?"

"ನೀನು ಹತ್ತಿ ಮುಗಿಸೋ ಹೊತ್ತಿಗೆ ನಾನು ಕಾಲೇಜಿಗೆ ಸೇರಿರ್ತೀನಿ ಅಪ್ಪ."

ಮಾವ ಎಂದರೆ ದರ್ಜಿಯ ಭಾಮೈದ, ಬಸ್ ಕಂಡಕ್ಟರು, ಬಿದಿರು ಗಳುವಿನಂಥ ಸಣಕಲು ಆಳು. ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದವನು ಹಲ್ಲು ಕಿರಿದ. "ನೋಡಿ ಭಾವ, ಬಸ್ಸು ಎಷ್ಟು ದೂರ ಓಡುತ್ತೋ ಅಷ್ಟು ದೂರಾನೂ ನಾನು ಅದರೊಳಗೆ ನಡೀತಾನೇ ಇರ್ತೀನಿ. ಲೆಕ್ಕ ಹಾಕಿದ್ರೆ ಇಷ್ಟು ಹೊತ್ತಿಗೆ ಭೂಮಿ ಸುತ್ತಿರಬೇಕು."

ದರ್ಜಿ ಏನನ್ನಾದರೂ ಸಹಿಸಿಯಾನು. ಗುಡ್ಡದ ತುದಿಯಲ್ಲಿ ತನ್ನ ಮಗಳು ಈ ಬಡಾಯಿಗಾರನ ಬೆರಳು ಹಿಡಿದು ನಿಲ್ಲುವುದನ್ನು ಮಾತ್ರ ಸಹಿಸಲಾಗದು. "ನಾಳೆಯಿಂದ ದಿನಾ ವಾಕಿಂಗು. ಬಿಸಿಲಿರಲಿ, ಮಳೆಯಿರಲಿ," ಎಂದ.

ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ನೋಡೋಣ," ಎಂದಳು.

ಮರುದಿನ ದರ್ಜಿ ಹೊಸ್ತಿಲವರೆಗೆ ಬಂದು ನಿಂತ. ಬಿಸಿಲು ನೆತ್ತಿ ಸುಡುತ್ತಿತ್ತು. ದರ್ಜಿಯಾದವನು ಸಿಕ್ಕಿದ ಅಂಗಿ ಹಾಕಿಕೊಂಡು ಊರು ಸುತ್ತಿದರೆ ಗಿರಾಕಿಗಳು ಏನಂದುಕೊಂಡಾರು? ಒಳಗೆ ಬಂದು ವಾಕಿಂಗಿಗೆಂದೇ ಒಂದು ತೆಳು ಹಸಿರು ಅಂಗಿ ಕತ್ತರಿಸಿದ. ಕತ್ತು ಮುಚ್ಚುವ ಕಾಲರು, ಬೆನ್ನಿಗೆ ಗಾಳಿಯಾಡಲು ಕಿಂಡಿ, ಒಟ್ಟಿನಲ್ಲಿ ಭರ್ಜರಿ ಯೋಜನೆ.

ಹೆಂಡತಿ ದಾರದ ಉಂಡೆಯನ್ನು ಬಟ್ಟೆಯ ಪಕ್ಕ ಹಿಡಿದು ನೋಡಿದಳು. "ಈ ಹಸಿರು ಹೊಂದಲ್ಲ ರೀ. ಬದಲಾಯಿಸ್ಕೊಂಡು ಬನ್ನಿ."

ದಾರದಂಗಡಿ ಇದ್ದದ್ದು ಪೇಟೆಯ ಆ ತುದಿಯಲ್ಲಿ, ಏರಿನ ಮೇಲೆ, ಅದೂ ಮೆಟ್ಟಿಲು ಹತ್ತಿ. ದರ್ಜಿ ಏದುಸಿರು ಬಿಡುತ್ತ ಹೋಗಿ ಬಂದ.

"ಇದು ಒಂಚೂರು ಹಳದಿ ಹೊಡೀತಿದೆ."

ದರ್ಜಿ ಕಣ್ಣು ಕಿರಿದು ಮಾಡಿ ನೋಡಿದ. ಹೌದು, ಹೊಡೆಯುತ್ತಿತ್ತು. ಕಸುಬಿನ ಮರ್ಯಾದೆಯ ಪ್ರಶ್ನೆ, ಮತ್ತೆ ಹೋದ. ಹೆಂಡತಿಯ ಕಣ್ಣಿಗೆ ಕಂಡದ್ದು ಹಳದಿಯಲ್ಲ, ಗಂಡನ ಹೊಟ್ಟೆ ಎಂಬುದು ಬೀದಿಗೆಲ್ಲ ತಿಳಿಯಿತು, ಅವನೊಬ್ಬನನ್ನು ಬಿಟ್ಟು.

ಅಂಗಿ ಸಿದ್ಧವಾಗುವ ಹೊತ್ತಿಗೆ ಗುಡುಗಿತು. ಸರಿ, ಮಳೆಯಂಗಿ ಶುರುವಾಯಿತು. ಈಗ ಗುಂಡಿಯ ತಕರಾರು. ಒಂದು ಗುಂಡಿ ಕಾಜಾದೊಳಗೆ ಜಾರುತ್ತದೆ, ಇನ್ನೊಂದು ತೂರುವುದೇ ಇಲ್ಲ, ಮತ್ತೊಂದು "ಯಾಕೋ ಮುಖಕ್ಕೆ ಒಪ್ಪಲ್ಲ." ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ದಾರದಂಗಡಿಯಲ್ಲಿ ತೊಟ್ಟಿಕ್ಕುತ್ತ ನಿಂತ ದರ್ಜಿ ನಿಟ್ಟುಸಿರು ಬಿಟ್ಟ. "ಈ ಮಳೇಲಿ ಯಾರಾದ್ರೂ ವಾಕಿಂಗ್ ಹೋಗ್ತಾರೇನಪ್ಪಾ? ಅಂಗಿ ಆಗ್ಲಿ, ಆಮೇಲೆ ನೋಡು."

"ಆಮೇಲೆ ನಿಮ್ಮನ್ನ ಹಿಡಿಯೋರೇ ಇರಲ್ಲ ಬಿಡಿ," ಎಂದು ಅಂಗಡಿಯವನು ಅವನ ಕೆಳಗೆ ಹರಿದ ನೀರನ್ನು ಒರೆಸಿದ.

ಮಳೆಯಂಗಿ ಮುಗಿದ ದಿನ ಆಕಾಶ ತೊಳೆದಿಟ್ಟಂತಾಯಿತು. ಹಿಂದೆಯೇ ಚಳಿ. ಹತ್ತಿ ತುಂಬಿದ ಕೋಟು ಹೊಲಿಯಲು ಕೂತ. ಅದರ ಜಿಪ್ಪು ಹೆಂಡತಿಯ ಕೈಯಲ್ಲಿ ಮಾತ್ರ ಕಚ್ಚಿಕೊಳ್ಳುತ್ತಿತ್ತು. ದಾರದಂಗಡಿ ಮುಚ್ಚುವ ಮೊದಲು ಓಡಿ ಹೋಗುವುದು, ಚಳಿ ತಡೆಯಲಾರದೆ ಓಡಿ ಬರುವುದು. ಈ ನಡುವೆ ಪ್ಯಾಂಟು ಸಡಿಲವಾಯಿತು. "ಬಟ್ಟೆ ಹಿಗ್ಗಿದೆ. ಈಗಿನ ಮಿಲ್ಲುಗಳ ಹಣೆಬರಹ," ಎಂದು ಬೈದು ಸೊಂಟ ಹಿಡಿದು ಹೊಲಿದುಕೊಂಡ.

ಗುಡ್ಡ ಹತ್ತುವ ದಿನ ಬಂದೇಬಿಟ್ಟಿತು. ಬಿಸಿಲೂ ಅಲ್ಲ, ಮಳೆಯೂ ಅಲ್ಲ, ಚಳಿಯೂ ಅಲ್ಲ. ದರ್ಜಿ ಹೊಲಿದದ್ದನ್ನೆಲ್ಲ ಮುಂದೆ ಹರಡಿಕೊಂಡು ಕೂತ. "ಲೇ, ಇಂಥ ಹವೆಗೆ ನನ್ನ ಹತ್ರ ಏನೂ ಇಲ್ವಲ್ಲೇ. ಒಂದು ದಿನಾನೂ ವಾಕಿಂಗ್ ಬೇರೆ ಹೋಗಿಲ್ಲ."

"ನಿನ್ನೆ ಹಾಕಿದ್ದ ಅಂಗೀನೇ ಹಾಕ್ಕೊಂಡು ಹೊರಡ್ರೀ," ಎಂದಳು ಹೆಂಡತಿ.

ಗುಡ್ಡದ ಬುಡದಲ್ಲಿ ಕಂಡಕ್ಟರು ಮೊದಲೇ ಬಂದು ನಿಂತಿದ್ದ. ಮಗಳು ಇಬ್ಬರನ್ನೂ ಅಳೆದು ತೀರ್ಪು ಕೊಟ್ಟಳು: "ಅಪ್ಪ ಕೂತ್ಕೊಳ್ಳೋವರೆಗೂ ಅಪ್ಪ. ಆಮೇಲೆ ಮಾವ."

ಹತ್ತಿದರು. ಮೊದಲ ತಿರುವಿನಲ್ಲಿ ಮಗಳು ತಿರುಗಿ ನೋಡಿದಳು, ಅಪ್ಪ ಕೂತಿರಲಿಲ್ಲ. ಮುಂದಿನ ತಿರುವಿನಲ್ಲಿ ದರ್ಜಿ ತಾನೇ ತನ್ನನ್ನು ನೋಡಿಕೊಂಡ, ಕೂತಿರಲಿಲ್ಲ. ಕಾಲುಗಳು ಅವನನ್ನು ಕೇಳದೆ ತಮ್ಮ ಪಾಡಿಗೆ ಹತ್ತುತ್ತಿದ್ದವು. ಹಿಂದಿನಿಂದ ಒಂದು ನರಳಾಟ ಕೇಳಿತು.

ಬಂಡೆಯ ಮೇಲೆ ಕಂಡಕ್ಟರು ಕುಕ್ಕರಿಸಿ ಮೀನಖಂಡ ಹಿಸುಕಿಕೊಳ್ಳುತ್ತಿದ್ದ. "ಕಾಲು ಹಿಡ್ಕೊಂಡ್ಬಿಡ್ತು ಭಾವ. ಬಸ್ಸಲ್ಲಿ ನೆಲ ಸಮ ಇರುತ್ತೆ. ಹಿಡ್ಕೊಳ್ಳೋಕೆ ಕಂಬಿ ಇರುತ್ತೆ. ಇದೇನಿದು, ಒಂದು ಕಂಬಿನಾದ್ರೂ ಬೇಡ್ವಾ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ," ಎಂದ ದರ್ಜಿ, ಬಹಳ ಮೃದುವಾಗಿ.

ಗುಡ್ಡದ ತುದಿಯಲ್ಲಿ ಮಗಳು ಅವನ ಬೆರಳು ಹಿಡಿದು ನಿಂತಳು. "ಅಪ್ಪ, ನೀನು ವಾಕಿಂಗೇ ಹೋಗ್ಲಿಲ್ವಲ್ಲ, ಹೆಂಗೆ ಹತ್ತಿದೆ?"

"ಎಲ್ಲಿ ಹೋಗ್ಲಿ ಮಗಳೇ? ದಾರ, ಗುಂಡಿ ಅಂತ ಓಡಾಡೋದ್ರಲ್ಲೇ ವರ್ಷ ಕಳೀತು. ಪುರುಸೊತ್ತೆಲ್ಲಿತ್ತು?" ದರ್ಜಿ ಮೀಸೆ ತಿರುವಿದ. "ನಮ್ಮ ವಂಶದವರಿಗೆ ಅಭ್ಯಾಸ ಬೇಕಾಗಲ್ಲ. ರಕ್ತದಲ್ಲೇ ಬಂದಿರುತ್ತೆ."

ಇಳಿಯುವಾಗ ಅಪ್ಪ ಮಗಳು ಕಂಡಕ್ಟರನನ್ನು ಎರಡೂ ಕಡೆ ತೋಳು ಹಿಡಿದು ಎಬ್ಬಿಸಿದರು. ಅವನು ಒಂದು ಹೆಜ್ಜೆಗೆ ಒಮ್ಮೆ ಅಯ್ಯೋ ಎನ್ನುತ್ತ ನಿಂತ. ಹಿಂದೆ ಇಳಿಯುವ ಮಕ್ಕಳ ದಂಡು ಕಟ್ಟಿಕೊಂಡಿತು.

"ಬಾಗಿಲಲ್ಲಿ ನಿಲ್ಬೇಡ್ರಿ," ಎಂದ ದರ್ಜಿ ಭಾಮೈದನ ಕಿವಿಯಲ್ಲಿ. "ಮುಂದೆ ನಡೀರಿ, ಮುಂದೆ ಜಾಗ ಇದೆ."

ಮಗಳು ಗುಡ್ಡದ ಬುಡದ ತನಕ ನಗು ನಿಲ್ಲಿಸಲಿಲ್ಲ.